ಕಾಣದ್ದನ್ನು ಅಳೆಯುವ ಗಣಿತ



ನಿಮ್ಮ ಎತ್ತರವನ್ನು ಟೇಪಿನಿಂದ ಅಳೆಯಬಹುದು. ಆತ್ಮವಿಶ್ವಾಸವನ್ನು ಅಳೆಯುವುದು ಹೇಗೆ? ಅದು ಕಣ್ಣಿಗೆ ಕಾಣದು. ನಾಲ್ಕಾರು ಪ್ರಶ್ನೆಗಳಿಗೆ ನೀವು ಕೊಡುವ ಉತ್ತರಗಳಿಂದ ಅದನ್ನು ಊಹಿಸಬೇಕು. ಸಂಖ್ಯಾಶಾಸ್ತ್ರದಲ್ಲಿ ಇಂಥದ್ದಕ್ಕೆ ‘ಸುಪ್ತ ಚರ’ ಎಂದು ಹೆಸರು. ಸುಪ್ತ ಚರಗಳ ನಡುವಣ ಸಂಬಂಧವನ್ನು ಪರೀಕ್ಷಿಸುವ ವಿಧಾನವೇ ರಚನಾತ್ಮಕ ಸಮೀಕರಣ ಮಾದರಿ.

ಇದಕ್ಕೆ ಎರಡು ಬೇರುಗಳು. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್, ಹಲವು ವಿಷಯಗಳ ಅಂಕಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯವಿದೆ ಎಂದರು. 1920ರ ಸುಮಾರಿಗೆ ತಳಿವಿಜ್ಞಾನಿ ಸ್ಯೂಯಲ್ ರೈಟ್, ಗಿನಿಪಿಗ್‌ಗಳ ಮೈಬಣ್ಣದ ಕಾರಣ ಹುಡುಕುತ್ತ ಬಾಣಗಳ ನಕ್ಷೆ ಬರೆದರು. 1970ರ ದಶಕದಲ್ಲಿ ಸ್ವೀಡನ್ನಿನ ಕಾರ್ಲ್ ಯೋರೆಸ್ಕೋಗ್ ಎರಡನ್ನೂ ಬೆಸೆದರು. 1989ರಲ್ಲಿ ಬಂದ ಸಮಾಜಶಾಸ್ತ್ರಜ್ಞ ಕೆನೆತ್ ಬೋಲನ್ ಅವರ ಪಠ್ಯಪುಸ್ತಕವು ಈ ವಿಧಾನವನ್ನು ಸಮಾಜವಿಜ್ಞಾನಿಗಳಿಗೆ ಕ್ರಮಬದ್ಧವಾಗಿ ಕಲಿಸಿತು.

ಒಂದು ಎಚ್ಚರಿಕೆ. ಆತ್ಮವಿಶ್ವಾಸದಿಂದ ಅಂಕ ಹೆಚ್ಚಿತೋ, ಅಂಕದಿಂದ ಆತ್ಮವಿಶ್ವಾಸ ಹೆಚ್ಚಿತೋ? ಒಮ್ಮೆ ಮಾತ್ರ ಸಂಗ್ರಹಿಸಿದ, ಇವೆರಡೇ ಇರುವ ಅಂಕಿಅಂಶಕ್ಕೆ ಬಾಣವನ್ನು ತಿರುಗಿಸಿ ಬರೆದರೂ ಮಾದರಿ ಅಷ್ಟೇ ಚೆನ್ನಾಗಿ ಹೊಂದುತ್ತದೆ! ಯಾವುದು ಮೊದಲು ನಡೆಯಿತೆಂದು ಗಮನಿಸಿ, ಸಾಧ್ಯವಿದ್ದಲ್ಲಿ ಪ್ರಯೋಗ ಮಾಡಿ, ದಿಕ್ಕನ್ನು ನಾವೇ ನಿರ್ಧರಿಸಬೇಕು. ‘ಇದರಿಂದಲೇ ಅದು’ ಎನ್ನುವ ಸಮೀಕ್ಷೆಯನ್ನು ಓದಿದಾಗ, ಬಾಣ ತಿರುಗಿದರೆ ಏನಾದೀತು ಎಂದು ಕೇಳಿ ನೋಡಿ.