ಜ್ವರ ಬಂದ ರಾತ್ರಿ ಬೆಳಗಾಗಲಿ ಅಂತ ಕಾಯಬೇಡಿ



ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕಿನ ಹಳ್ಳಿಗಳಿಂದ ಕ್ಯಾನ್ಸರ್ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಬೇಕಾದರೆ ಸುಮಾರು 200 ಕಿಲೋಮೀಟರ್ ಅಥವಾ ಅದಕ್ಕೂ ಹೆಚ್ಚಿನ ದಾರಿ. ಔಷಧಿ ಶುರುವಾಯಿತು ಅಂದ್ರೆ ಅರ್ಧ ಗೆದ್ದ ಹಾಗೆ ಅಂದುಕೊಳ್ಳುತ್ತೇವೆ. ಆದರೆ ಔಷಧಿ ನಡೆಯುವಾಗ ಮನೆಯಲ್ಲಿ ಬರುವ ಜ್ವರದ ಬಗ್ಗೆ ಮಾತಾಡುವುದೇ ಇಲ್ಲ. ಇವತ್ತು ಅದನ್ನೇ ಮಾತಾಡೋಣ.

ಕಿಡ್ನಿಯ ಕ್ಯಾನ್ಸರ್ ಶ್ವಾಸಕೋಶಕ್ಕೋ ಮೂಳೆಗೋ ಹರಡಿದಾಗ ಸುನಿಟಿನಿಬ್, ಎವೆರೊಲಿಮಸ್ ಎಂಬ ಮಾತ್ರೆಗಳನ್ನು, ಇಲ್ಲವೇ ನಿವೊಲುಮಾಬ್ ಎಂಬ ಇಂಜೆಕ್ಷನ್ ಕೊಡುವುದುಂಟು. ಸುನಿಟಿನಿಬ್‌ನಿಂದ ರಕ್ತದ ಬಿಳಿಕಣ ಕಮ್ಮಿಯಾಗಬಹುದು, ಬಾಯಿ ಹುಣ್ಣಾಗಬಹುದು, ಅಂಗಾಲು ಬಿರಿಯಬಹುದು. ಬಿರಿದ ಚರ್ಮ ಸೋಂಕಿಗೆ ತೆರೆದ ಬಾಗಿಲು. ಎವೆರೊಲಿಮಸ್ ರೋಗನಿರೋಧಕ ಶಕ್ತಿಯನ್ನೇ ತಗ್ಗಿಸುತ್ತದೆ. ಮೈಯಲ್ಲಿ ಅಡಗಿದ್ದ ಟಿ.ಬಿ. ಮತ್ತೆ ಏಳಬಹುದು. ನಿವೊಲುಮಾಬ್‌ನಿಂದ ಆ ಶಕ್ತಿ ಕೆರಳಿ ಮೈಗೇ ತೊಂದರೆ ಕೊಟ್ಟರೆ ಸ್ಟೀರಾಯ್ಡ್ ಕೊಡುತ್ತಾರೆ. ಆಗಲೂ ಸೋಂಕು ಸುಲಭವಾಗಿ ಹತ್ತುತ್ತದೆ.

ಹಾಗಾದ್ರೆ ನಾವು ಏನ್ ಮಾಡ್ಬೇಕು? ಮನೆಯಲ್ಲಿ ಥರ್ಮಾಮೀಟರ್ ಇರಲಿ. 100.4 ಡಿಗ್ರಿ ಮುಟ್ಟಿತು ಅಂದ್ರೆ ಅದು ಮಾಮೂಲಿ ಜ್ವರ ಅಲ್ಲ. ಸ್ಟೀರಾಯ್ಡ್ ನುಂಗುವವರಿಗೆ ಸೋಂಕಿದ್ದರೂ ಜ್ವರ ಬಾರದೇ ಇರಬಹುದು. ಆದ್ದರಿಂದ ಚಳಿನಡುಕ, ಏದುಸಿರು, ಉರಿಮೂತ್ರ, ಮಾತು ತಡಬಡಿಸುವುದು ಕಂಡರೂ ಅಷ್ಟೇ ಗಂಭೀರ. ಅಂಗಡಿ ಮಾತ್ರೆ ನುಂಗಿಸಿ ಮಲಗಿಸಬೇಡಿ. ಜ್ವರ ಇಳಿದಂತೆ ಕಾಣುತ್ತೆ, ಸೋಂಕು ಇಳಿದಿರಲ್ಲ. ಕೆಲವು ನೋವಿನ ಮಾತ್ರೆಗಳು ಉಳಿದ ಕಿಡ್ನಿಗೂ ಕೆಟ್ಟದ್ದು. 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಫೈಲು ತೋರಿಸಿ, "ಕ್ಯಾನ್ಸರ್ ಔಷಧಿ ನಡೀತಿದೆ" ಅಂತ ಮೊದಲೇ ಹೇಳಿ. ಯಾವ ಮಾತ್ರೆಯನ್ನೂ ನಾವಾಗಿಯೇ ನಿಲ್ಲಿಸುವುದು ಬೇಡ.

ಕೆಮ್ಮು ಹೊಸದಾಗಿ ಬಂದರೆ ಅದು ರೋಗದ್ದೋ, ಔಷಧಿಯದ್ದೋ, ಸೋಂಕಿನದೋ ನಮಗೆ ಗೊತ್ತಾಗಲ್ಲ. ಡಾಕ್ಟರಿಗೆ ತೋರಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಟಿ.ಬಿ.ಗೆ ಕಫ ಪರೀಕ್ಷೆ ಉಚಿತ.

ಇನ್ನು ಸಂಘದ ಕೆಲಸ. ಕ್ಯಾನ್ಸರ್ ಅಂಟುರೋಗವಲ್ಲ, ಆ ಅಕ್ಕನನ್ನು ದೂರ ಇಡಬೇಡಿ. ನೋಡಲು ಹೋಗುವವರು ಕೈ ತೊಳೆದು ಹೋಗಿ. ನೆಗಡಿ ಇದ್ದವರು ಹೊಸ್ತಿಲ ಆಚೆಯಿಂದಲೇ ಮಾತಾಡಿಸಿ. ಅವರ ಕುರಿಹಟ್ಟಿ ಗುಡಿಸುವ ಕೆಲಸವನ್ನು ಸರದಿಯ ಮೇಲೆ ನಾವೇ ಮಾಡಿಕೊಡೋಣ. ರಾತ್ರಿ ಗಾಡಿ ಬೇಕಾದಾಗ ವಾರದ ಸಭೆಗೆ ಕಾಯದೆ ಉಳಿತಾಯದಿಂದ ಹಣ ಕೊಡುವ ನಿರ್ಣಯವನ್ನು ಇವತ್ತೇ ಪುಸ್ತಕದಲ್ಲಿ ಬರೆದಿಡೋಣ. ಸಾಲ ನಿಧಾನವಾಗಿ ತೀರುತ್ತೆ. ಸೋಂಕು ಮಾತ್ರ ಕಾಯಲ್ಲ.