ಕುಕ್ಕುಲೋಟದ ಸವಾರಿ

ಜಟಕಾ ಕುದುರೆಯ ಗೊರಸಿನ ಸದ್ದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬೇಕು: ಟಕ್ ಟಕ್, ಟಕ್ ಟಕ್. ಅದೇ ಕುಕ್ಕುಲೋಟ, ಇಂಗ್ಲಿಷಿನವರ ಟ್ರಾಟ್. ನಡಿಗೆಯಲ್ಲಿ ನಾಲ್ಕು ಪೆಟ್ಟು, ಕ್ಯಾಂಟರಿನಲ್ಲಿ ಮೂರು, ಇದರಲ್ಲಿ ಎರಡೇ. ಎಡ ಮುಂಗಾಲೂ ಬಲ ಹಿಂಗಾಲೂ ಒಟ್ಟಿಗೆ ನೆಲ ಮುಟ್ಟುತ್ತವೆ. ಬಳಿಕ ಉಳಿದ ಜೋಡಿ. ನಡುವೆ ಕ್ಷಣಕಾಲ ನಾಲ್ಕು ಕಾಲೂ ಗಾಳಿಯಲ್ಲಿರುತ್ತವೆ. ಮೈಬ್ರಿಜ್ ಎಂಬಾತ 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ತೆಗೆದ ಚಿತ್ರಗಳಲ್ಲಿ ಇದನ್ನು ಕಾಣಬಹುದು.

ಸವಾರನ ಕಷ್ಟವೂ ಅಲ್ಲಿಯೇ. ಓಟ ಚುರುಕಾದಷ್ಟೂ ಜೀನು ನಿಮ್ಮನ್ನು ಮೇಲಕ್ಕೆಸೆಯುತ್ತದೆ. ಹೊಸಬರು ಹೆದರಿ ಲಗಾಮನ್ನು ಜಗ್ಗುತ್ತಾರೆ; ಮೈ ಬಿಗಿದು ಕುಲುಕಾಟ ಹೆಚ್ಚುತ್ತದೆ, ಕುದುರೆಯ ಬಾಯಿಯೂ ನೋಯುತ್ತದೆ. ನಾನೂ ಹೀಗೆ ಮಾಡಿ ಎರಡು ದಿನ ನಿಂತೇ ಊಟಮಾಡಿದ್ದೇನೆ.

ಕುದುರೆ ಎಸೆದಾಗ ಅದರೊಡನೆಯೇ ಏಳಿ. ಮುಂದಿನ ಪೆಟ್ಟಿಗೆ ಮೆಲ್ಲನೆ ಕೂರಿ. ರಿಕಾಪಿನ ಮೇಲೆ ನಿಗುರಿ ನಿಲ್ಲಬೇಡಿ. ಜೀನಿಗೂ ನಿಮಗೂ ನಾಲ್ಕು ಬೆರಳಿನ ಅಂತರ ಸಾಕು. ವೃತ್ತದಲ್ಲಿ ಓಡಿಸುವಾಗ ಹೊರಬದಿಯ ಹೆಗಲು ಮುಂದೆ ಸರಿದಾಗ ಏಳುವುದು ವಾಡಿಕೆ. ದಿಕ್ಕು ಬದಲಿಸಿದಾಗ ಎರಡು ಪೆಟ್ಟು ಕುಳಿತೇ ಇದ್ದು ಏಳಿ. ನೇರ ದಾರಿಯಲ್ಲೂ ಆಗಾಗ ಹೀಗೆ ಮಾಡಬೇಕು. ಇಲ್ಲವಾದರೆ ನಿಮ್ಮ ಭಾರ ಉದ್ದಕ್ಕೂ ಒಂದೇ ಜೋಡಿ ಕಾಲಿನ ಮೇಲೆ ಬೀಳುತ್ತದೆ.