ಲೂಟಿ ಎಂಬ ಹೆಸರಿನ ನಾಯಿ

ಕೆಲವು ದಿನಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯಲ್ಲಿ ಅನ್ಯದೇಶ್ಯ ಪದಗಳ ಪಾಠ ನಡೆದಿತ್ತು. ಕಚೇರಿ, ಅರ್ಜಿ, ಮೇಜು, ಸಾಬೂನು ಎಂದು ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋದೆ. ‘ಲೂಟಿ’ ಎಂದು ಬರೆದಾಗ ಹಿಂದಿನ ಸಾಲಿನ ಹುಡುಗನೊಬ್ಬ ಎದ್ದುನಿಂತು, “ಮೇಷ್ಟ್ರೇ, ಇಂಗ್ಲಿಷಿನಲ್ಲೂ ಈ ಮಾತು ಉಂಟಲ್ಲ! ನಾವು ಅವರಿಂದ ತಂದೆವೋ, ಅವರು ನಮ್ಮಿಂದ ಕೊಂಡುಹೋದರೋ?” ಎಂದು ಕೇಳಿದ. ಅವರೇ ಕೊಂಡುಹೋದರು ಎಂದೆ. ಸಂಸ್ಕೃತದ ಲುಂಠನಕ್ಕೆ ನಂಟಾದ ಹಿಂದಿಯ ‘ಲೂಟ್’ ಎಂಬ ಮಾತು ಕಂಪನಿ ಸರ್ಕಾರದ ಕಾಲದಲ್ಲಿ ಇಂಗ್ಲಿಷರ ನಾಲಗೆಗೆ ಹತ್ತಿತು. ಅಲ್ಲಿಂದ ಅವರ ನಿಘಂಟನ್ನೂ ಸೇರಿತು. ಹುಡುಗರೆಲ್ಲ ನಕ್ಕರು. ಪಾಠ ಮುಗಿಯಿತು, ನನ್ನ ಯೋಚನೆ ಮಾತ್ರ ಮುಗಿಯಲಿಲ್ಲ. ಆ ಪದವನ್ನೇ ಹೆಸರಾಗಿ ಹೊತ್ತು ಇಂಗ್ಲೆಂಡಿನ ಅರಮನೆಯಲ್ಲಿ ಬಾಳಿದ ಪುಟ್ಟ ನಾಯಿಯೊಂದರ ನೆನಪಾಯಿತು. ಆ ನಾಯಿಯ ಕಥೆಯನ್ನೂ, ಅದರ ಕುಲವು ಹೊಸ ನಾಡಿನಲ್ಲಿ ಬೆಳೆದ ಬಗೆಯನ್ನೂ ಈ ಹೊತ್ತು ನಿಮ್ಮೊಡನೆ ಹೇಳಿಕೊಳ್ಳಬೇಕೆಂದಿದ್ದೇನೆ.

ಆ ನಾಯಿಯ ಜಾತಿಗೆ ಪೆಕಿನೀಸ್ ಎಂದು ಹೆಸರು. ಪೆಕಿಂಗ್ ನಗರದ ನಾಯಿ ಎಂದರ್ಥ. ಮೊಳಕಾಲಿಗೂ ನಿಲುಕದ ಗಾತ್ರ, ಅಗಲವಾದ ಮುಖ, ಕೊರಳಿನ ಸುತ್ತ ದಟ್ಟವಾದ ಕೇಸರ. ಚೀನದವರು ಇದನ್ನು ಸಿಂಹದ ನಾಯಿ ಎಂದು ಕರೆದರು. ಚೀನದ ಕಾಡಿನಲ್ಲಿ ಸಿಂಹವಿಲ್ಲ. ಆದರೂ ಬೌದ್ಧಧರ್ಮದೊಡನೆ ನಮ್ಮ ದೇಶದ ಸಿಂಹದ ಕಲ್ಪನೆ ಅಲ್ಲಿಗೆ ಹೋಗಿತ್ತು. ಆ ಕಲ್ಪನೆಗೆ ಒಪ್ಪುವಂತೆ ನಾಯಿಯನ್ನು ಆರಿಸಿ ಆರಿಸಿ ಬೆಳೆಸಿದರು. ಅರಮನೆಯ ನಪುಂಸಕ ಪರಿಚಾರಕರು ಇವುಗಳನ್ನು ಸಾಕುತ್ತಿದ್ದರು. ತೀರ ಚಿಕ್ಕ ನಾಯಿಗಳನ್ನು ತಮ್ಮ ನಿಲುವಂಗಿಯ ಅಗಲವಾದ ತೋಳುಗಳೊಳಗೆ ಇರಿಸಿಕೊಂಡು ಓಡಾಡುವುದೂ ಇತ್ತು.

ಹೀಗೆ ಗೋಡೆಯೊಳಗೆ ಬೆಳೆದ ಕುಲವು ಹೊರಗೆ ಬಂದದ್ದು ಯುದ್ಧದಿಂದ. ೧೮೬೦ರಲ್ಲಿ, ಎರಡನೆಯ ಅಫೀಮು ಯುದ್ಧದ ಕೊನೆಯಲ್ಲಿ, ಇಂಗ್ಲಿಷ್ ಮತ್ತು ಫ್ರೆಂಚ್ ಸೈನ್ಯಗಳು ಪೆಕಿಂಗಿನ ಬಾಗಿಲಿಗೆ ಬಂದವು. ಚಕ್ರವರ್ತಿ ಷಿಯಾನ್‌ಫೆಂಗನು ಪರಿವಾರದೊಡನೆ ಜೆಹೋಲಿಗೆ ಹೊರಟುಹೋದನು. ಅಕ್ಟೋಬರ್ ೬ರಂದು ಫ್ರೆಂಚ್ ಸೈನಿಕರು ನಗರದ ಹೊರಗಿನ ಬೇಸಗೆಯ ಅರಮನೆಯನ್ನು ಹೊಕ್ಕರು, ಸೂರೆ ಮೊದಲಾಯಿತು. ಮಾತುಕತೆಗೆಂದು ಹೋಗಿ ಸೆರೆಸಿಕ್ಕಿದ್ದವರಲ್ಲಿ ಹಲವರು ಚಿತ್ರಹಿಂಸೆಯಿಂದ ಸತ್ತರೆಂಬ ಸುದ್ದಿ ತಿಳಿದಾಗ, ಅಕ್ಟೋಬರ್ ೧೮ರಂದು ಲಾರ್ಡ್ ಎಲ್ಗಿನ್ನನ ಆಜ್ಞೆಯಂತೆ ಇಂಗ್ಲಿಷ್ ಪಡೆ ಆ ಅರಮನೆಗೆ ಬೆಂಕಿಯಿಟ್ಟಿತು. ಸತ್ತವರಲ್ಲಿ ನಮ್ಮ ಸಿಖ್ ಸವಾರರೂ ಇದ್ದರು. ಈ ಎಲ್ಗಿನ್ನನೇ ೧೮೬೨ರಲ್ಲಿ ಭಾರತಕ್ಕೆ ವೈಸರಾಯನಾಗಿ ಬಂದು, ಮರುವರ್ಷ ಧರ್ಮಶಾಲೆಯಲ್ಲಿ ತೀರಿಕೊಂಡನು. ಬೆಂಗಳೂರನ್ನು ನೆಲೆಯಾಗಿ ಉಳ್ಳ ಮದ್ರಾಸ್ ಸ್ಯಾಪರ್ಸ್ ಪಡೆಯವರೂ ಆ ದಂಡಯಾತ್ರೆಯಲ್ಲಿ ಹೋಗಿದ್ದರು. ಆ ಪಡೆಯ ರಣಗೌರವಗಳಲ್ಲಿ ಟಾಕೂ ಕೋಟೆಗಳ ಹೆಸರೂ ಪೆಕಿಂಗಿನ ಹೆಸರೂ ಸೇರಿವೆ.

ಅರಮನೆಯಲ್ಲಿ ಐದು ಪುಟ್ಟ ನಾಯಿಗಳು ಸಿಕ್ಕಿದುವು. ಚಕ್ರವರ್ತಿಯ ಅತ್ತೆಯೊಬ್ಬಳು ಶತ್ರುವಿನ ಕೈಗೆ ಸಿಕ್ಕಬಾರದೆಂದು ಪ್ರಾಣ ಕಳೆದುಕೊಂಡಳು, ಅವಳ ದೇಹದ ಬಳಿಯೇ ಅವು ಕಾದುಕೊಂಡಿದ್ದುವು ಎಂದು ಕಥೆ ಹೇಳುವುದುಂಟು. ಎರಡನ್ನು ನೌಕಾಪಡೆಯ ಲಾರ್ಡ್ ಜಾನ್ ಹೇ ತೆಗೆದುಕೊಂಡನು. ಇನ್ನೆರಡು ರಿಚ್ಮಂಡಿನ ಡಚೆಸ್ಸಳ ಗುಡ್‌ವುಡ್ ಮನೆಯನ್ನು ಸೇರಿದುವು. ಐದನೆಯದನ್ನು ಕ್ಯಾಪ್ಟನ್ ಡನ್ ಎಂಬ ಅಧಿಕಾರಿ ತಂದು ೧೮೬೧ರಲ್ಲಿ ವಿಕ್ಟೋರಿಯಾ ರಾಣಿಗೆ ಒಪ್ಪಿಸಿದನು. ಅದಕ್ಕೆ ಇಟ್ಟ ಹೆಸರು ‘ಲೂಟಿ’. ಯಾರಿಗೂ ಸಂಕೋಚವಾಗಲಿಲ್ಲವೆಂದು ಕಾಣುತ್ತದೆ. ಸೂರೆಯ ಮಾಲು ಎಂಬುದನ್ನು ಹೆಸರಿನಲ್ಲೇ ಸಾರಿದರು. ಆ ಸಾರುವ ಮಾತನ್ನು ತೆಗೆದುಕೊಂಡದ್ದು ನಮ್ಮಿಂದ. ಚಿತ್ರಕಾರ ಕೈಲ್ ಎಂಬವನು ಅದೇ ವರ್ಷ ಅದರ ಚಿತ್ರ ಬರೆದನು. ವಿಂಡ್ಸರಿನಲ್ಲಿ ಬಾಳಿ ೧೮೭೨ರಲ್ಲಿ ಲೂಟಿ ಸತ್ತಿತು.

ಲೂಟಿಯ ಹೆಸರು ಉಳಿಯಿತಾದರೂ ಕುಲ ಬೆಳೆದದ್ದು ಗುಡ್‌ವುಡ್ಡಿನ ಮನೆಯಲ್ಲಿ. ಬೆರಳೆಣಿಕೆಯ ನಾಯಿಗಳಿಂದಲೇ ಸಂತಾನ ಮುಂದುವರಿಯಬೇಕಾದಾಗ ಹತ್ತಿರದ ರಕ್ತಗಳೇ ಮತ್ತೆ ಮತ್ತೆ ಕೂಡುತ್ತವೆ, ತಳಿ ಸೊರಗುತ್ತದೆ. ಹೊಸ ರಕ್ತ ಬೇಕಾಗಿತ್ತು. ಪೆಕಿಂಗಿನ ಅರಮನೆಯಿಂದ ನಾಯಿಯನ್ನು ಪಡೆಯುವುದು ಸುಲಭವಾಗಿರಲಿಲ್ಲ. ೧೮೯೬ರಲ್ಲಿ ಶ್ರೀಮತಿ ಡಗ್ಲಸ್ ಮರ್ರೆ ಎಂಬಾಕೆಯ ಮನೆಗೆ ಅಹ್ ಕಮ್ ಮತ್ತು ಮಿಮೋಸ ಎಂಬ ಜೋಡಿ ಚೀನದಿಂದ ಬಂದಿತು. ಇವು ಬಂದ ಮೇಲೆ ಇಂಗ್ಲೆಂಡಿನ ಪೆಕಿನೀಸ್ ಕುಲ ಚೇತರಿಸಿಕೊಂಡಿತು. ೧೮೯೮ರಲ್ಲಿ ಅಲ್ಲಿಯ ಕೆನಲ್ ಕ್ಲಬ್ಬು ಈ ಜಾತಿಗೆ ಮನ್ನಣೆ ಕೊಟ್ಟಿತು. ೧೯೦೪ರಲ್ಲಿ ಪೆಕಿನೀಸ್ ಕ್ಲಬ್ ಹುಟ್ಟಿತು. ನಾಯಿ ಎಷ್ಟು ತೂಗಬೇಕೆಂಬುದರ ಮೇಲೆ ಜಗಳವಾಗಿ ೧೯೦೮ರಲ್ಲಿ ಇನ್ನೊಂದು ಸಂಘವೂ ಹುಟ್ಟಿಕೊಂಡಿತು! ಸಂಘಗಳ ಪಾಡು ಎಲ್ಲ ದೇಶದಲ್ಲಿಯೂ ಒಂದೇ.

ಅಮೆರಿಕೆಗೆ ಹೋದ ನಾಯಿಗಳಲ್ಲಿ ಕೆಲವು ಗೌರವದಿಂದಲೇ ಹೋದುವು. ರಾಜಮಾತೆ ತ್ಸೂ ಷಿ ತನ್ನ ಚಿತ್ರ ಬರೆಯಲು ೧೯೦೩ರಲ್ಲಿ ಬಂದ ಕಲಾವಿದೆ ಕ್ಯಾಥರೀನ್ ಕಾರ್ಲಳಿಗೂ, ೧೯೦೫ರಲ್ಲಿ ಬಂದ ಅಧ್ಯಕ್ಷ ರೂಸ್‌ವೆಲ್ಟರ ಮಗಳು ಆಲಿಸಳಿಗೂ ತಾನೇ ನಾಯಿಗಳನ್ನು ಉಡುಗೊರೆಯಿತ್ತಳು. ೧೯೦೯ರಲ್ಲಿ ಅಮೆರಿಕದಲ್ಲೂ ಪೆಕಿನೀಸ್ ಕ್ಲಬ್ ಆಯಿತು. ೧೯೧೨ರಲ್ಲಿ ಟೈಟಾನಿಕ್ ಹಡಗು ಮುಳುಗಿದಾಗ ಬದುಕುಳಿದ ಮೂರು ನಾಯಿಗಳಲ್ಲಿ ಒಂದು ಪೆಕಿನೀಸ್. ಒಡೆಯನ ಜೊತೆ ರಕ್ಷಣಾ ದೋಣಿಯಲ್ಲಿ ಕುಳಿತು ಬಂದಿತು. ಅದರ ಹೆಸರು ಸುನ್ ಯಾಟ್ ಸೆನ್! ಅರಸೊತ್ತಿಗೆಯನ್ನು ಕೊನೆಗಾಣಿಸಿದ ನಾಯಕನ ಹೆಸರು ಅರಮನೆಯ ನಾಯಿಗೆ ಬಂದಿತ್ತು. ತ್ಸೂ ಷಿ ೧೯೦೮ರಲ್ಲಿಯೇ ತೀರಿಕೊಂಡಿದ್ದಳು. ೧೯೧೨ರಲ್ಲಿ ಚಕ್ರವರ್ತಿಯ ಆಳಿಕೆ ಕೊನೆಗೊಂಡು ಅರಮನೆಯ ಸಾಕಣೆಯ ಪರಂಪರೆ ಕುಸಿಯಿತು. ಪರದೇಶಗಳಲ್ಲಿ ನಾಯಿ ಬೆಳೆಯುತ್ತಲೇ ಹೋಯಿತು.

ಇಲ್ಲಿಗೆ ಕಥೆ ಸುಖಾಂತವಾಯಿತೆನ್ನೋಣವೆ? ಅಹ್ ಕಮ್ ಸತ್ತಮೇಲೆ ಅದರ ದೇಹವನ್ನು ಕೆಡದಂತೆ ಕಾದಿರಿಸಿದರು. ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ಪ್ರಾಣಿಸಂಗ್ರಹಾಲಯದಲ್ಲಿ ಅದು ಇದೆ. ಆ ಮುಖದಲ್ಲಿ ಒಂದಿಷ್ಟು ಮೂತಿ ಕಾಣುತ್ತದೆ, ಕೂದಲೂ ಹಿತಮಿತವಾಗಿದೆ. ಆಮೇಲಿನ ಪ್ರದರ್ಶನಗಳಲ್ಲಿ ಬಹುಮಾನ ಗೆದ್ದ ನಾಯಿಗಳ ಪಕ್ಕದಲ್ಲಿ ಅದನ್ನು ನಿಲ್ಲಿಸಿದರೆ ಒಂದೇ ಕುಲವೆ ಎಂದು ಕೇಳುವಂತಾಗುತ್ತದೆ. ಮುಖ ಚಪ್ಪಟೆಯಾದಷ್ಟೂ ಚೆಲುವು ಎಂದು ತೀರ್ಪುಗಾರರು ಮೆಚ್ಚಿದರು. ಸಾಕುವವರು ಅಂಥವನ್ನೇ ಆರಿಸಿದರು. ಮೂಗು ಒಳಕ್ಕೆ ಸರಿದಂತೆ ಉಸಿರಿನ ದಾರಿ ಇಕ್ಕಟ್ಟಾಯಿತು. ನಾಯಿ ಬಾಯಿ ತೆರೆದು ಏದುತ್ತ ಮೈಯ ಬಿಸಿಯನ್ನು ಕಳೆಯುತ್ತದೆ. ಉಸಿರಾಟವೇ ಕಷ್ಟವಾದರೆ ಬೇಸಗೆ ಅದಕ್ಕೆ ಪ್ರಾಣಸಂಕಟ. ಹೊರಚಾಚಿದ ಕಣ್ಣಿಗೆ ಬೇಗ ಗಾಯವಾಗುತ್ತದೆ.

೨೦೦೩ರಲ್ಲಿ ಇಂಗ್ಲೆಂಡಿನ ಕ್ರಫ್ಟ್ಸ್ ಪ್ರದರ್ಶನದಲ್ಲಿ ಸರ್ವಶ್ರೇಷ್ಠವೆಂದು ಗೆದ್ದದ್ದು ಪೆಕಿನೀಸ್. ಐದು ವರ್ಷಗಳ ಬಳಿಕ, ೨೦೦೮ರಲ್ಲಿ, ಬಿ.ಬಿ.ಸಿ.ಯವರು ವಂಶಾವಳಿಯ ನಾಯಿಗಳ ರೋಗರುಜಿನಗಳನ್ನು ಕುರಿತು ಒಂದು ಚಿತ್ರವನ್ನು ಪ್ರಸಾರ ಮಾಡಿದರು. ದೇಶದಲ್ಲೆಲ್ಲ ದೊಡ್ಡ ಗದ್ದಲವಾಯಿತು. ಅದೇ ವರ್ಷ ಕೆನಲ್ ಕ್ಲಬ್ಬು ಪೆಕಿನೀಸ್ ನಾಯಿಯ ಲಕ್ಷಣಗಳನ್ನು ತಿದ್ದಿ ಬರೆಯಿತು: ಮೂತಿಯು ಕಣ್ಣಿಗೆ ಕಾಣುವಂತಿರಬೇಕು ಎಂದು ವಿಧಿಸಿತು. ಲಕ್ಷಣಗ್ರಂಥದಲ್ಲಿ ಒಂದು ಮಾತು ಬದಲಾದರೆ ಏನಾದೀತು ಎಂದು ನನ್ನಂಥ ವ್ಯಾಕರಣದವನೇ ಕೆಲವೊಮ್ಮೆ ಬೇಸರಪಡುವುದುಂಟು. ಇಲ್ಲಿ ಒಂದು ಮಾತು ಬದಲಾದದ್ದು ಪ್ರಾಣಿಗಳ ಉಸಿರಿಗಾಗಿ.

ನಮ್ಮ ನಾಡಿನ ಆತಕೂರಿನ ಶಾಸನ ಇಲ್ಲಿ ನೆನಪಿಗೆ ಬರುತ್ತದೆ. ಹತ್ತನೆಯ ಶತಮಾನದಲ್ಲಿ ಗಂಗರ ಬೂತುಗನು ಮೆಚ್ಚಿ ಏನು ಬೇಕೆಂದಾಗ ಮಣಲೇರನು ಕಾಳಿ ಎಂಬ ನಾಯಿಯನ್ನು ಬೇಡಿ ಪಡೆದನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿದನು. ಆ ಕಲ್ಲನ್ನು ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದಾರೆ. ಬೇಡಿ ಪಡೆದ ನಾಯಿಯೂ ಉಂಟು, ಸೂರೆಯಲ್ಲಿ ಬಂದ ನಾಯಿಯೂ ಉಂಟು. ಎರಡಕ್ಕೂ ತಾನು ಹೇಗೆ ಬಂದೆನೆಂಬುದು ತಿಳಿಯದು; ಒಡೆಯನನ್ನು ನಂಬುವುದೊಂದೇ ಅದಕ್ಕೆ ಗೊತ್ತು.

ಮರುದಿನ ತರಗತಿಯಲ್ಲಿ ಈ ಕಥೆಯನ್ನು ಹೇಳಿದೆ. ಅದೇ ಹುಡುಗ ಕೊನೆಗೆ ಕೇಳಿದ: “ಲೂಟಿಗೆ ಚೀನದಲ್ಲಿ ಏನು ಹೆಸರಿತ್ತು, ಮೇಷ್ಟ್ರೇ?” ಯಾರೂ ಅದನ್ನು ಬರೆದಿಟ್ಟಿಲ್ಲವಪ್ಪ ಎಂದೆ. ಈ ಸಲ ತರಗತಿಯಲ್ಲಿ ಯಾರೂ ನಗಲಿಲ್ಲ.